ಸಿನಿಮಾಕ್ಕೆ ಹೇಳಿದ ಸುಳ್ಳು

ಆಕಾಶದಲ್ಲಿ ಹಡಗು ಹಾರಿಸುವ ಸಿನಿಮಾಗಳನ್ನು ನಾನು ಒಂದೂ ಬಿಡದೆ ನೋಡಿದ್ದೇನೆ. ಎಲ್ಲವೂ ತೆಲುಗಿಗೋ ಹಿಂದಿಗೋ ಮಾತು ಬದಲಿಸಿಕೊಂಡು ಬಂದವು. ಆ ಹಡಗುಗಳ ಮೇಲೆ ನನ್ನ ಮೊದಲನೇ ತಕರಾರು ಏನೆಂದರೆ, ಅಲ್ಲಿ ನೆಲದ ಮೇಲೆ ಒಂದು ಹನಿ ಎಣ್ಣೆ ಬಿದ್ದಿರುವುದಿಲ್ಲ. ಬಾಗಿಲು ಸುಯ್ ಎಂದು ತಾನೇ ತೆರೆಯುತ್ತದೆ. ಗಾಳಿಯ ಒತ್ತಡದಿಂದ ತೆರೆಯುವ ಬಾಗಿಲಾದರೆ ಎಲ್ಲೋ ಒಂದು ಕಂಪ್ರೆಸರ್ ಇರಲೇಬೇಕು. ಕಂಪ್ರೆಸರ್ ಇದ್ದಲ್ಲಿ ಸದ್ದಿರಬೇಕು, ವಾಷರ್ ಸವೆಯಬೇಕು, ಸವೆದ ವಾಷರ್ ಬದಲಿಸಲು ಒಬ್ಬ ಮನುಷ್ಯ ಪಾನಾ ಹಿಡಿದು ಮಂಡಿಯೂರಿ ಕೂರಬೇಕು. ಆ ಮನುಷ್ಯನನ್ನು ನಾನು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಕ್ಯಾಪ್ಟನ್ ಇರುತ್ತಾನೆ, ಡಾಕ್ಟರ್ ಇರುತ್ತಾಳೆ, ಕಂಪ್ಯೂಟರಿಗೆ ಹೆಣ್ಣಿನ ದನಿ ಇರುತ್ತದೆ. ಫಿಟ್ಟರ್ ಮಾತ್ರ ಇರುವುದಿಲ್ಲ.

ಎರಡನೇ ತಕರಾರು ಆ ಕಂಪ್ಯೂಟರಿನ ಮೇಲೆ. ಅದಕ್ಕೆ ಬುದ್ಧಿ ಬರುತ್ತದೆ, ಬುದ್ಧಿ ಬಂದ ಕೂಡಲೇ ಮನುಷ್ಯರ ಮೇಲೆ ಸಿಟ್ಟು ಬರುತ್ತದೆ. ಮೂವತ್ತು ವರ್ಷ ಮಷೀನುಗಳ ಮುಂದೆ ನಿಂತಿದ್ದೇನೆ. ಬೆಲ್ಟ್ ಹರಿಯುವುದು, ಬೇರಿಂಗ್ ಅಳುವುದು, ಕರೆಂಟ್ ಹೆಚ್ಚುಕಡಿಮೆಯಾಗಿ ಮೋಟರು ಸುಡುವುದು ಎಲ್ಲ ನೋಡಿದ್ದೇನೆ. ಸಿಟ್ಟಾದದ್ದನ್ನು ನೋಡಿಲ್ಲ. ಹೇಳಿದ್ದನ್ನು ಮಾಡುತ್ತದೆ, ಅಷ್ಟೇ. ಹುಚ್ಚು ಮಾತು ಹೇಳಿದರೆ ಹುಚ್ಚು ಕೆಲಸವನ್ನೂ ಅಷ್ಟೇ ನಿಯತ್ತಿನಿಂದ ಮಾಡುತ್ತದೆ. ಅದನ್ನು ಯಾರೂ ಸಿನಿಮಾ ಮಾಡಿಲ್ಲ. ನನ್ನ ಬಾಳಿನಲ್ಲಿ ಮಾತ್ರ ಅದು ನಡೆಯಿತು.

ನಾನು ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟವನು. ಸಿಂದಗಿ ಕಡೆಯ ಹಳ್ಳಿಯಿಂದ ಹೈದರಾಬಾದಿನ ಬಾಲಾನಗರಕ್ಕೆ ಬಂದಾಗ ಮೀಸೆ ಮೂಡಿರಲಿಲ್ಲ, ಈಗ ಅದು ಅರ್ಧ ಬೆಳ್ಳಗಾಗಿದೆ. ನಡುವಿನ ವರ್ಷಗಳು ಹೆಚ್ಚುಕಡಿಮೆ ಎಲ್ಲ ಒಂದೇ ಶೆಡ್ಡಿನಲ್ಲಿ, ಲೇಥಿನ ಮುಂದೆ ಹೋದವು. ಟರ್ನರ್ ಕೆಲಸ. ತಿರುಗುವ ಲೋಹಕ್ಕೆ ಟೂಲ್ ಕೊಟ್ಟು, ಬೇಕಾದ ಅಳತೆಗೆ ಕೊರೆದು ತರುವುದು. ಹೊಗಳಿಕೊಳ್ಳುತ್ತಿದ್ದಾನೆ ಎಂದುಕೊಂಡರೂ ಅಡ್ಡಿಯಿಲ್ಲ, ನನ್ನ ಕೈಯಿಂದ ಹೋದ ಜಾಬು, ಅಂದರೆ ಕೊರೆದು ಕೊಟ್ಟ ತುಂಡು, ತಿರುಗಿ ಬಂದದ್ದು ನನಗೆ ನೆನಪಿಲ್ಲ. ಶೆಡ್ಡಿನ ಮಾಲಕರನ್ನು ನಾವೆಲ್ಲ ಸೇಠ್ ಎನ್ನುತ್ತಿದ್ದೆವು. ಅವರು ಬೇರೆಯವರ ಜಾಬನ್ನು ಎರಡೆರಡು ಸಲ ಅಳೆಸುತ್ತಿದ್ದರು. ನನ್ನದು ಬಂದರೆ 'ಉಸ್ತಾದ್ ಕಾ ಹೈ, ಛೋಡೋ', ಉಸ್ತಾದನದು, ಬಿಡಿ, ಎಂದು ಹಾಗೇ ಪ್ಯಾಕಿಂಗಿಗೆ ಕಳಿಸುತ್ತಿದ್ದರು. ಕಲಿತವರಿಗೆ ಸರ್ಟಿಫಿಕೇಟು ಇರುತ್ತದೆ, ಗೋಡೆಗೆ ತೂಗು ಹಾಕುತ್ತಾರೆ. ನನಗೆ ಇದ್ದದ್ದು ಆ ಒಂದು ಮಾತು.

ನನಗೆ ಕೆಲಸ ಕಲಿಸಿದವರು ಹಳೇ ಶಹರದ ಒಬ್ಬ ಮುದುಕರು. ಕಲಿಸಿದರು ಎನ್ನುವುದೂ ಪೂರಾ ಖರೆಯಲ್ಲ. ಟೂಲಿಗೆ ಸಾಣೆ ಹಿಡಿಯುವಾಗ ಅವರು ನಮಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಎಷ್ಟು ಓರೆ ಕೊಟ್ಟಿರಿ ಎಂದು ನಾನೊಮ್ಮೆ ಬಾಯಿ ಬಿಟ್ಟು ಕೇಳಿದಾಗ, 'ದೇಖ್ ಲೇ, ಪೂಛ್ ನಕ್ಕೋ' ಎಂದರು. ನೋಡಿಕೋ, ಕೇಳಬೇಡ. ಬಾಲಾನಗರದ ಗಲ್ಲಿಗಳಲ್ಲಿ ಅದು ಕಾಯ್ದೆ ಇದ್ದ ಹಾಗೆ. ಒಬ್ಬ ಟರ್ನರ್ ಇನ್ನೊಬ್ಬನ ಟೂಲ್ ಪೆಟ್ಟಿಗೆ ಮುಟ್ಟುವುದಿಲ್ಲ, ಅವನ 'ಹಾಥ್' ಏನೆಂದು ಕೇಳುವುದಿಲ್ಲ. ಹಾಥ್ ಎಂದರೆ ಕೈ. ನಮ್ಮಲ್ಲಿ ಅದರ ಅರ್ಥ, ವರ್ಷಗಟ್ಟಲೆ ಜಾಬು ಕೆಡಿಸಿ ಕೆಡಿಸಿ ಕಲಿತುಕೊಂಡ ಸ್ವಂತ ರೀತಿ. ಸೇಠ್ ನನ್ನನ್ನು ನಾಲ್ಕು ಸಲ ಕೇಳಿದ್ದರು, ಬರೆಸಿ ಕೊಡು ಉಸ್ತಾದ್, ಮುಂದೆ ಶೆಡ್ಡಿಗೆ ಉಪಯೋಗ ಆಗುತ್ತದೆ ಎಂದು. ನಾನು ನಕ್ಕು ತೇಲಿಸಿದ್ದೆ. ಅವರೂ ಒತ್ತಾಯ ಮಾಡಲಿಲ್ಲ.

ಆಮೇಲೆ ನನ್ನ ಗೆಳೆಯನಾದವನು ನಮ್ಮ ಶೆಡ್ಡಿಗೆ ಬಂದದ್ದು ಕಂಪ್ಯೂಟರಿನ ಮೇಲೆ ನಕ್ಷೆ ತೆಗೆಯುವ ಕೆಲಸಕ್ಕೆ. ಡಿಪ್ಲೊಮಾ ಆದವ, ಯಾದಗಿರಿ ಕಡೆಯವ, ನನಗಿಂತ ಹತ್ತು ಹನ್ನೆರಡು ವರ್ಷ ಸಣ್ಣವ. ಫೋನಿನಲ್ಲಿ ತಾಯಿಯ ಜೊತೆ ಮಾತಾಡುತ್ತಿದ್ದ ಕನ್ನಡ ಕೇಳಿ ನಾನೇ ಹೋಗಿ ಯಾವೂರು ಎಂದು ಕೇಳಿದ್ದೆ. ಗೆಳೆತನ ಗಟ್ಟಿಯಾದದ್ದು ಹಾಜರಿ ಯಂತ್ರದಿಂದ. ಹೆಬ್ಬೆಟ್ಟು ಇಟ್ಟರೆ ಹಾಜರಿ ಬೀಳುವ ಪೆಟ್ಟಿಗೆಯೊಂದನ್ನು ಬಾಗಿಲಿಗೆ ತಂದು ಹಚ್ಚಿದ್ದರು. ಎಲ್ಲರಿಗೂ ಹಸಿರು ದೀಪ ಬಂತು, ನನಗೆ ಕೆಂಪು. ಒರೆಸಿ ಇಟ್ಟರೂ ಕೆಂಪು, ಎಡಗೈ ಇಟ್ಟರೂ ಕೆಂಪು. ಬೆರಳಿನ ಗೆರೆಗಳು ಲೇಥಿನಲ್ಲಿ ಲೋಹ ತಣಿಸಲು ಸುರಿಸುವ ಕೂಲಂಟ್ ನೀರಿಗೂ ಲೋಹದ ಪುಡಿಗೂ ಎಂದೋ ಸವೆದುಹೋಗಿದ್ದವು. ಸಾಲಿನಲ್ಲಿ ಹಿಂದೆ ನಿಂತವರು ನಗತೊಡಗಿದರು. ಅವನು ಬಂದು ಪೆಟ್ಟಿಗೆ ನೋಡಿದ, ನನ್ನ ಬೆರಳು ನೋಡಿದ.

'ಅಣ್ಣಾ, ನಿಮ್ಮ ಬೆರಳು ಭಾಳ ದುಡದಾವ್ರಿ. ಇದಕ್ಕ ಓದಾಕ ಬರವಲ್ದು.'

'ಸಿನಿಮಾದಾಗ ಅಂಗೈ ಇಟ್ರ ಹಡಗದ ಬಾಗಲಾ ತಗೀತೈತಿ ನೋಡು. ನಂದಿಟ್ರ ನನ್ನ ಹೊರಗ ಚಂದ್ರನ ಮ್ಯಾಲ ಬಿಟ್ಟು ಹೋಗತಾರ' ಎಂದೆ ನಾನು.

ಅವನು ನಕ್ಕು ನಕ್ಕು ಅಲ್ಲೇ ಮೆಟ್ಟಿಲ ಮೇಲೆ ಕೂತ. ಅಂದಿನಿಂದ ನನ್ನ ಹಾಜರಿಯನ್ನು ತಾನೇ ಕೈಯಿಂದ ಟೈಪ್ ಮಾಡತೊಡಗಿದ. ಯಾರೂ ಹೇಳಿರಲಿಲ್ಲ, ಒಂದು ದಿನವೂ ಮರೆಯಲಿಲ್ಲ. ಮುಂದಿನದನ್ನು ಬರೆಯುವಾಗಲೂ ಇದನ್ನು ಬಿಡಬಾರದು ಎಂದು ಬರೆದಿದ್ದೇನೆ.

ಭಾನುವಾರ ಬೆಳಗಿನ ಆಟಕ್ಕೆ ಇಬ್ಬರೂ ಹೋಗುತ್ತಿದ್ದೆವು. ಅವನು ಲಿಂಗಂಪಲ್ಲಿಯಿಂದ ಲೋಕಲ್ ರೈಲು ಹತ್ತಿ ಫತೇನಗರದಲ್ಲಿ ಇಳಿಯುತ್ತಿದ್ದ, ನಾನು ಸ್ಟೇಷನ್ನಿನ ತನಕ ನಡೆದು ಹೋಗಿ ಕಾಯುತ್ತಿದ್ದೆ. ಮೊದಲು ಒಂದು ಹಳೇ ಟಾಕೀಸು ಇತ್ತು, ಅದು ಫಂಕ್ಷನ್ ಹಾಲ್ ಆದ ಮೇಲೆ ಮಾಲಿನ ತಂಪು ಪರದೆಗೆ ಹೋದೆವು. ಅವನಿಗೆ ಇಂಗ್ಲಿಷ್ ಬರುತ್ತಿದ್ದುದರಿಂದ, ತೆಲುಗಿನವರು ನುಂಗಿಬಿಟ್ಟ ಮಾತುಗಳನ್ನು ಕಿವಿಯಲ್ಲಿ ಹೇಳುತ್ತಿದ್ದ. ಹೊರಗೆ ಬಂದ ಮೇಲೆ ಇರಾನಿ ಹೋಟೆಲಿನಲ್ಲಿ ಕೂತು ಜಗಳ. ಕಾಲದಲ್ಲಿ ಹಿಂದಕ್ಕೆ ಹೋಗುವ ಸಿನಿಮಾ ಅವನಿಗೆ ಪ್ರಾಣ, ನನಗೆ ಆಗಿಬರುವುದಿಲ್ಲ.

'ಯಾಕ್ರಿ ಅಣ್ಣಾ, ಮಾಡಿದ ತಪ್ಪು ತಿದ್ದಾಕ ಹೋಗತಾನ, ಛಲೋ ಅಲ್ಲೇನು?'

'ನಿಮ್ಮ ಕಂಪ್ಯೂಟರಿನಾಗ ಒಂದು ಗುಂಡಿ ಒತ್ತಿದ್ರ ಅಳಿಸಿದ್ದು ವಾಪಸ್ ಬರತೈತಿ. ಅದನ್ನ ಕಂಡಾವರು ಕಟ್ಟಿದ ಕಥಿ ಅದು. ನಾ ಒಂದು ಕೂದಲೆಳಿ ಹೆಚ್ಚು ತಗದ್ನಿ ಅಂದ್ರ ಆ ಜಾಬು ಗುಜರಿಗೇ. ತಿರುಗಿ ಹಚ್ಚಾಕ ಬರೂದಿಲ್ಲ.'

'ಅದಕ್ಕ ನಿಮಗ ಸೇರೂದಿಲ್ಲ ಬಿಡ್ರಿ.'

'ಸೇರೂದು ಹ್ಯಾಂಗ. ತಪ್ಪಿಗೆ ಅಂಜಿಕೇನಽ ಇಲ್ಲದ ಮ್ಯಾಲ ಅಂವ ಎಂಥಾ ಹೀರೋ.'

ಮನೆಗೆ ಬಂದರೂ ಮಾತು ಮುಗಿಯುತ್ತಿರಲಿಲ್ಲ. ನನ್ನ ಹೆಂಡತಿ ಒಂದು ದಿನ ರೊಟ್ಟಿ ಬಡಿಯುತ್ತಲೇ ಕೇಳಿದಳು, 'ಅಷ್ಟು ಗ್ರಹ ತಿರುಗಿ ಬರ್ತೀರಲ್ಲ, ದಿನಾ ನೀರು ಬರೂ ಗ್ರಹ ಯಾವುದೈತಿ ನೋಡಿ ಬರ್ರಿ. ಅಲ್ಲೇ ಬಾಡಗಿ ಮನಿ ಹಿಡಿಯೂಣು.' ಅವನು ಎರಡು ರೊಟ್ಟಿ ಹೆಚ್ಚು ತಿಂದ. ನಮ್ಮ ಮನೆಯಲ್ಲಿ ಅವನಿಗೆ ತಾಟು ಬೇರೆ ಇತ್ತು.

ನಾವೇ ಒಂದು ಕಥೆ ಬರೆಯುವ ಮಾತನ್ನು ಅವನು ಎತ್ತಿದ್ದು ಅಂಥದೇ ಒಂದು ಭಾನುವಾರ, ಇರಾನಿ ಹೋಟೆಲಿನ ಮೂಲೆಯ ಮೇಜಿನಲ್ಲಿ.

'ಅಣ್ಣಾ, ಎಷ್ಟಂತ ಮಂದಿ ಮಾಡಿದ್ದಕ್ಕ ಬೈಕೋಂತ ಕೂಡೂದು. ನಾವಽ ಒಂದು ಕಥಿ ಬರಿಯೂಣು. ಮಾದಾಪುರದಾಗ ನನ್ನ ಗುರುತಿನವ ಒಬ್ಬ ಸಣ್ಣ ಸಿನಿಮಾ ಮಾಡತಾನ. ಒಬ್ಬ ಟರ್ನರ್ ಇರತಾನ. ಅಂವನ ಕೈ ನೋಡಿ ನೋಡಿ ಒಂದು ಮಷೀನ್ ಎಲ್ಲಾ ಕಲೀತೈತಿ.'

'ಹೀರೋ ಯಾರು? ಮಷೀನಾ?'

'ಟರ್ನರ್.'

ನಾನು ಚಹಾದ ಕಪ್ಪು ಕೆಳಗಿಟ್ಟೆ. ಇಪ್ಪತ್ತು ವರ್ಷ ಆ ಹಡಗುಗಳಲ್ಲಿ ನಾನು ಹುಡುಕಿದ್ದ ಮನುಷ್ಯ ಕೊನೆಗೂ ಪರದೆಯ ಮೇಲೆ ಬರುತ್ತಾನೆ ಎನ್ನಿಸಿತು.

'ಆದ್ರ ಖರೇ ಇರಬೇಕ್ರಿ' ಎಂದ ಅವನು. 'ಟರ್ನರ್ ಆದಾಂವ ಸಿನಿಮಾ ನೋಡಿದ್ರ ನಗಬಾರದು. ನೀವು ಹೇಳ್ರಿ, ನಾ ಬರಕೋತೀನಿ.'

ಹೇಳಿದೆ. ಬೇಸಿಗೆ ಮುಗಿಯುವವರೆಗೂ ಹೇಳಿದೆ, ಮಳೆಗಾಲ ಅರ್ಧ ಕಳೆಯುವವರೆಗೂ ಹೇಳಿದೆ. ಸೇಠ್ ನಾಲ್ಕು ಸಲ ಕೇಳಿದರೂ ಹೇಳದಿದ್ದುದನ್ನು, ನನ್ನ ಉಸ್ತಾದರು ಬೆನ್ನು ಮಾಡಿ ಮುಚ್ಚಿಟ್ಟಿದ್ದನ್ನು, ಒಬ್ಬ ಕಥೆಯ ಟರ್ನರನ ಹೆಸರಿನಲ್ಲಿ ಹೇಳಿದೆ. ನನ್ನ ಹೆಸರಿನಲ್ಲಾಗಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ಹೀರೋ ಹೀಗೆ ಮಾಡುತ್ತಾನೆ, ಹೀರೋ ಹಾಗೆ ಮಾಡುತ್ತಾನೆ ಎನ್ನುತ್ತ ಹೋದೆ.

ಮುಖ್ಯವಾಗಿ ತೆಳು ಬುಷ್ಷಿನ ಕೆಲಸ. ಬುಷ್ ಎಂದರೆ ಬಳೆಗಿಂತ ಅಗಲದ, ಗೋಡೆ ತೆಳ್ಳಗಿರುವ ಕೊಳವೆ ತುಂಡು. ಅದರ ಒಳಗಿನ ತೂತು ಕನ್ನಡಿಯ ಹಾಗೆ ನುಣ್ಣಗೆ, ಪೂರಾ ದುಂಡಗೆ ಬರಬೇಕು. ಲೇಥಿನ ಮೂರು ದವಡೆಗಳು ಅದನ್ನು ಗಟ್ಟಿಯಾಗಿ ಕಚ್ಚಿದರೆ ತೂತು ಕಣ್ಣಿಗೆ ಕಾಣದಷ್ಟು ಮೂರು ಮೂಲೆಯಾಗುತ್ತದೆ. ಹೊಸಬರೆಲ್ಲ ಸೋಲುವುದು ಅಲ್ಲೇ. ನನ್ನ ರೀತಿ ಏನೆಂದರೆ, ಕಡೆಯ ಕೊರೆತಕ್ಕೆ ಮೊದಲು ಮಷೀನು ನಿಲ್ಲಿಸಿ, ದವಡೆ ಸಡಿಲು ಬಿಟ್ಟು, ಬುಷ್ಷಿಗೆ ತಣಿಯಲು ಹೊತ್ತು ಕೊಡುತ್ತೇನೆ. ಆಮೇಲೆ ಹಕ್ಕಿಮರಿ ಹಿಡಿದ ಹಾಗೆ ಹಗುರವಾಗಿ ಮತ್ತೆ ಹಿಡಿಸಿ ಕಡೆಯ ಕೊರೆತ. ಎಷ್ಟು ಸಡಿಲು, ಎಷ್ಟು ಹೊತ್ತು, ತಗಡಿನ ಶೆಡ್ಡು ಕಾದಾಗ ಅಳತೆಯಲ್ಲಿ ಎಷ್ಟು ಬಿಟ್ಟುಕೊಡಬೇಕು, ಎಲ್ಲ ಹೇಳಿದೆ. ಅವನು ಲ್ಯಾಪ್‌ಟಾಪಿನಲ್ಲಿ ಟಕಟಕ ಬರೆದುಕೊಂಡ. ಹೀರೋನ ಹೆಂಡತಿ ಹೇಗಿರುತ್ತಾಳೆ, ಅವನು ಯಾವ ಹಾಡು ಗುನುಗುತ್ತಾನೆ ಎಂದೂ ಕೇಳುತ್ತಿದ್ದ. ಅದಕ್ಕೇ ನನಗೆ ಅನುಮಾನ ಬರಲಿಲ್ಲ.

ಒಂದು ಸಲ ಹೀಗೆ ಕೇಳಿದ. 'ಕಡೀ ಕೊರತದಾಗ ಹೀರೋ ಏನು ಮಾಡತಾನ್ರಿ? ಅಲ್ಲಿ ನೋಡೂ ಮಂದಿ ಉಸರು ಬಿಗಿ ಹಿಡೀಬೇಕು. ಏನರೆ ಇರಬೇಕು.'

ಖರೆ ಹೇಳಬೇಕೆಂದರೆ ಅಲ್ಲಿ ಏನೂ ಇಲ್ಲ. ಕಡೆಯ ಕೊರೆತದಲ್ಲಿ ಟರ್ನರ್ ಮಾಡಬೇಕಾದದ್ದು ಒಂದೇ, ಟೂಲ್ ಒಳಗೆ ಬಿಟ್ಟು, ಅದು ಒಂದೇ ಸಮ ನಡೆದು ಹೊರಗೆ ಬರುವ ತನಕ ಏನೂ ಮುಟ್ಟದೆ ಸುಮ್ಮನೆ ನಿಲ್ಲುವುದು. ಟೂಲ್ ನಡುವೆ ನಿಂತರೆ ಅಲ್ಲಿ ಗೆರೆ ಬಿದ್ದು ಜಾಬು ಕೆಟ್ಟಿತು. ಆದರೆ ನನ್ನ ಹೀರೋ ಕೈಕಟ್ಟಿ ನಿಲ್ಲುವುದು ನನಗೆ ಸಪ್ಪೆ ಎನ್ನಿಸಿತು. ಪರದೆಯ ಮೇಲೆ ಕ್ಯಾಪ್ಟನ್‌ಗಳು ಏನೆಲ್ಲ ಮಾಡುತ್ತಾರೆ.

'ತೂತಿನ ನಟ್ಟ ನಡುವ ಟೂಲ್ ನಿಂದರಸ್ತಾನ' ಎಂದೆ. 'ಒಂದು ಉಸರು ತಗೊಂಡು ಬಿಡೂ ತನಕ. ಲೋಹ ಏನಂತೈತಿ ಕೇಳ್ತಾನ. ಆಮ್ಯಾಲ ಮುಂದ ಬಿಡತಾನ.'

ಅವನ ಬೆರಳು ನಿಂತವು. 'ನೀವು ಹಿಂಗ ಮಾಡ್ತೀರಿ?'

'ಹೀರೋ ಮಾಡತಾನ' ಎಂದೆ.

ಅವನು ಬರೆದುಕೊಂಡ. ಆ ಮಾತು ಎಷ್ಟು ಚೆಂದ ಬಂತು ಎಂದು ನಾನು ದಾರಿಯುದ್ದಕ್ಕೂ ಹಿಗ್ಗಿದ್ದೆ.

ದಸರೆ ಕಳೆದು ಶೆಡ್ಡಿಗೆ ಹೊಸ ಮಷೀನು ಬಂತು. ಗಾಜಿನ ಬಾಗಿಲಿನ, ಕಂಪ್ಯೂಟರಿನಿಂದ ನಡೆಯುವ ಲೇಥು. ಬುಷ್ಷಿನ ಕೆಲಸ ಅದರ ಮೇಲೆ ಆಗುತ್ತದೆ, ನೀವು ಹಿಂದಿನ ಹಳೇ ಲೇಥಿನ ಮೇಲೆ ರಿಪೇರಿ ಜಾಬು ನೋಡಿಕೊಳ್ಳಿ ಎಂದರು ಸೇಠ್. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ಆದರೆ ಒಳಗೊಳಗೇ ನಗುವೂ ಇತ್ತು. ತೆಳು ಬುಷ್ಷು ಬರಲಿ, ಮೂರು ಮೂಲೆ ಮಾಡಿ ಕೂಡುತ್ತದೆ, ಆಮೇಲೆ ಉಸ್ತಾದ್ ಎಂದು ಹುಡುಕಿಕೊಂಡು ಬರುತ್ತಾರೆ ಎಂದುಕೊಂಡಿದ್ದೆ. ಎರಡು ವಾರ ಆದರೂ ಯಾರೂ ಬರಲಿಲ್ಲ.

ಒಂದು ಮಧ್ಯಾಹ್ನ ನೀರು ಕುಡಿಯಲು ಹೋಗುವಾಗ ಆ ಗಾಜಿನ ಮುಂದೆ ನಿಂತೆ. ಒಳಗೆ ಬುಷ್ಷು ತಿರುಗುತ್ತಿತ್ತು. ಕಡೆಯ ಕೊರೆತಕ್ಕೆ ಮೊದಲು ತಿರುಗುವುದು ನಿಂತಿತು. ದವಡೆಗಳು ಸಡಿಲಾದವು. ಮಷೀನು ಏನೂ ಮಾಡದೆ ಕಾಯಿತು. ನಾನು ಎಷ್ಟು ಹೊತ್ತು ಕಾಯುತ್ತೇನೋ ಅಷ್ಟೇ ಹೊತ್ತು ಕಾಯಿತು. ಆಮೇಲೆ ಹಗುರವಾಗಿ ಮತ್ತೆ ಹಿಡಿಯಿತು. ನನ್ನ ಕೈಯನ್ನು ಯಾರೋ ಬಿಚ್ಚಿ ಆ ಗಾಜಿನೊಳಗೆ ಹಚ್ಚಿದ ಹಾಗೆ ಕಂಡಿತು.

ಅವನು ಪಕ್ಕದಲ್ಲೇ ಪರದೆ ನೋಡುತ್ತ ನಿಂತಿದ್ದ.

'ಇದು ಇದಕ್ಕ ಯಾರು ಹೇಳಿಕೊಟ್ರು?' ಎಂದೆ.

ಅವನು ತಲೆ ಎತ್ತಲಿಲ್ಲ. 'ಸೇಠ್ ಭಾಳ ದಿವಸದಿಂದ ಕೇಳಾಕತ್ತಿದ್ರು ಅಣ್ಣಾ. ನೀವು ಕೊಡೂದಿಲ್ಲಂತ ಅವರಿಗೆ ಗೊತ್ತಿತ್ತು.'

'ಮತ್ತ ಸಿನಿಮಾ?'

'ಸಿನಿಮಾ ಮಾಡಾಂವ ಒಪ್ಪಲಿಲ್ಲ.'

'ಕೇಳಿದ್ಯೇನು ಅಂವನ್ನ?'

ಅವನು ಒಂದು ಗುಂಡಿ ಒತ್ತಿದ, ಮತ್ತೊಂದು ಒತ್ತಿದ. 'ನಿಮಗೂ ವಯಸ್ಸಾತು. ನಿಮ್ಮ ಕೈ ನಿಮ್ಮ ಹಿಂದೂ ಉಳೀಬೇಕಂತ ಮಾಡೀನಿ. ತಪ್ಪು ತಿಳಕೋಬ್ಯಾಡ್ರಿ.'

'ಉಳಸು ಅಂತ ನಾ ಹೇಳಿದ್ನೇನು ನಿನಗ?'

ಉತ್ತರಕ್ಕೆ ನಿಲ್ಲಲಿಲ್ಲ, ಹೊರಟುಬಂದೆ. ಇನ್ನೊಂದು ನಿಮಿಷ ನಿಂತು ಕಡೆಯ ಕೊರೆತ ನೋಡಿದ್ದರೆ, ಟೂಲ್ ತೂತಿನ ನಡುವೆ ನಿಲ್ಲುವುದು ನನ್ನ ಕಣ್ಣಿಗೆ ಬೀಳುತ್ತಿತ್ತು. ಸಿಟ್ಟಿನಲ್ಲಿ ಆ ಉಸಿರಿನ ಮಾತು ನೆನಪೇ ಆಗಲಿಲ್ಲ. ನೆನಪಾಗಿದ್ದರೂ, ಓದಿದವನೊಬ್ಬ ಅದನ್ನು ಮಷೀನಿಗೆ ಹೇಳಿರುತ್ತಾನೆ ಎಂದು ನಾನು ನಂಬುತ್ತಿರಲಿಲ್ಲ. ಅವನು ಒಂದು ದಿನವೂ ಲೇಥಿನ ಹಿಡಿ ಹಿಡಿದವನಲ್ಲ. ನಾನು ಹೇಳಿದ ಉಳಿದದ್ದೆಲ್ಲ ಖರೆಯಾದ ಮೇಲೆ ಇದನ್ನೂ ಖರೆ ಎಂದೇ ತಿಳಿದಿದ್ದ. ಮುಂದಿನ ಭಾನುವಾರ ನಾನು ಫತೇನಗರ ಸ್ಟೇಷನ್ನಿಗೆ ಹೋಗಲಿಲ್ಲ. ಅವನು ಬಂದಿದ್ದನೋ ಇಲ್ಲವೋ ತಿಳಿಯದು.

ಬುಷ್ಷುಗಳ ಇಡೀ ಲಾಟು ಗಿರಾಕಿಯಿಂದ ತಿರುಗಿ ಬಂದಾಗ ಸೇಠ್ ನನ್ನನ್ನು ಕ್ಯಾಬಿನ್ನಿಗೆ ಕರೆಸಿದರು. ಅವನು ಒಳಗೆ ಮೊದಲೇ ಕೂತಿದ್ದ. ಮೇಜಿನ ಮೇಲೆ ಒಂದು ಬುಷ್ಷು, ಒಂದು ಟಾರ್ಚು. ಸೇಠ್ ಹಿಂದಿಯಲ್ಲಿ ಕೇಳಿದರು, 'ಉಸ್ತಾದ್, ಇದೇನು ನೋಡು.'

ಬುಷ್ಷನ್ನು ಬೆಳಕಿಗೆ ಓರೆ ಮಾಡಿ ಹಿಡಿದೆ. ಎರಡೂ ಬಾಯಿಯಲ್ಲಿ ಅಳತೆ ಸರಿ ಇತ್ತು. ನಟ್ಟ ನಡುವೆ ಕೂದಲಿನಷ್ಟು ತೆಳ್ಳಗೆ ಸುತ್ತಲೂ ಒಂದು ಉಂಗುರದ ಗೆರೆ.

'ಟೂಲ್ ನಡುವೆ ನಿಂತಿದೆ' ಎಂದೆ.

'ಯಾಕೆ ನಿಂತಿತು?'

'ನಿಲ್ಲು ಅಂತ ಹೇಳಿದ್ದಕ್ಕೆ.'

ಸೇಠ್ ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದರು. ಸಾಲು ಸಾಲಾಗಿ ನಾನು ಇರಾನಿ ಹೋಟೆಲಿನಲ್ಲಿ ಹೇಳಿದ್ದೆಲ್ಲ ಅಲ್ಲಿತ್ತು. ಹೀರೋ ಇರಲಿಲ್ಲ, ಅವನ ಹೆಂಡತಿ ಇರಲಿಲ್ಲ, ಹಾಡು ಇರಲಿಲ್ಲ. ಉಸಿರು ಇತ್ತು. ಅದನ್ನು ಮೂರು ಸೆಕೆಂಡು ಎಂದು ಬರೆದಿದ್ದ. ಎಲ್ಲಕ್ಕೂ ಮೇಲೆ ನನ್ನ ಹೆಸರು.

'ಇದು ನೀನು ಹೇಳಿದ್ದೇನಾ?'

'ನಾನೇ ಹೇಳಿದ್ದು.'

'ನಿನ್ನ ಲೇಥಿನ ಮೇಲೆ ನೀನು ಹೀಗೆ ನಿಲ್ಲಿಸ್ತೀಯಾ?'

'ಇಲ್ಲ ಸೇಠ್.'

ಸೇಠ್ ನನ್ನ ಮುಖ ನೋಡಿದರು. ನಾನು ಅವನ ಮುಖ ನೋಡಿದೆ. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸೇಠ್, ಇದನ್ನು ನಾನು ಸಿನಿಮಾ ಕಥೆಗೆಂದು ಹೇಳಿಸಿಕೊಂಡೆ, ಇಷ್ಟೇ. ಕೆಲಸ ಹೋಗುವಂಥ ತಪ್ಪೂ ಅಲ್ಲ, ಎರಡು ಬೈಗುಳ ತಿನ್ನುತ್ತಿದ್ದ. ಅವನು ಲ್ಯಾಪ್‌ಟಾಪಿನ ಮೇಲೆ ಅಂಟಿಸಿದ್ದ ಚೀಟಿಯ ಮೂಲೆಯನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ. ನಾನು ಕಾದೆ. ಚೀಟಿಯ ಮೂಲೆ ಎದ್ದು ಬಂತು, ಅದನ್ನು ಮತ್ತೆ ಒತ್ತಿ ಅಂಟಿಸಿದ.

'ಆ ಸಾಲು ತಗದುಬಿಡು' ಎಂದೆ ಅವನಿಗೆ.

ಮಷೀನಿನ ಹತ್ತಿರ ಹೋದೆವು. ಕೆಲಸದವರೂ ಸುತ್ತ ನೆರೆದರು. ಅವನು ಸಾಲು ತೆಗೆದ, ಹೊಸ ಬುಷ್ಷು ಹಾಕಿ ಓಡಿಸಿದ. ಹೊರಗೆ ಬಂದಾಗ ತೂತು ಕನ್ನಡಿಯ ಹಾಗಿತ್ತು. ಸೇಠ್ ಟಾರ್ಚು ಹಿಡಿದು ಮೂರು ಸಲ ನೋಡಿದರು. ನನಗೆ ಆಗ ತಿಳಿದದ್ದೇನೆಂದರೆ, ಕೆಲಸ ಸರಿ ಮಾಡಿ ನಾನು ನನ್ನ ಮೇಲೆ ಗುನ್ಹೆ ಸಾಬೀತು ಮಾಡಿಕೊಂಡಿದ್ದೆ. ಯಾವ ಸಾಲು ತಪ್ಪೆಂದು ಒಂದು ನೋಟಕ್ಕೆ ಗುರುತಿಸುವವನು, ಅದನ್ನು ಬೇಕೆಂದೇ ಹೇಳಿರಬೇಕಲ್ಲ.

'ಕೊಡೋದಿಲ್ಲ ಅಂದಿದ್ದರೆ ನನಗೆ ಬೇಜಾರಿರಲಿಲ್ಲ' ಎಂದರು ಸೇಠ್, ಎಲ್ಲರೆದುರಿಗೆ, ದನಿ ಏರಿಸದೆ. 'ಕೊಟ್ಟ ಹಾಗೆ ಮಾಡಿ ಕೆಡಿಸೋದು ಉಸ್ತಾದ್ ಮಾಡುವ ಕೆಲಸ ಅಲ್ಲ.'

ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಹೊರಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಅವನು ಬಂದ. 'ನೀವಽ ಹೇಳಬೇಕಿತ್ರಿ ಅಣ್ಣಾ, ಅದು ಸಿನಿಮಾಕ್ಕ ಹೇಳಿದ್ದು ಅಂತ. ನಾ ಏನು ಇಲ್ಲ ಅಂತಿದ್ನೇನು?'

'ನಾ ಹೇಳಿದ್ರ ಅದು ಸಬೂಬು. ನೀ ಹೇಳಿದ್ರ ಸಾಕ್ಷಿ ಆಗತಿತ್ತು.'

'ಸಿನಿಮಾ ಗಿನಿಮಾ ಅಂದ್ರ ನನ್ನನ್ನ ಹುಚ್ಚ ಅಂತಿದ್ರು. ಹೊಸಾ ಮಷೀನು ನನ್ನ ಮ್ಯಾಲ ನಂಬಿ ಬಿಟ್ಟಾರ.'

'ಹೌದು' ಎಂದೆ. 'ನಿನ್ನ ನಂಬೂ ಮಂದಿ ಭಾಳ.'

ನಲ್ಲಿ ಬಂದ್ ಮಾಡಿ ಒಳಗೆ ಹೋದೆ. ಮರುದಿನದಿಂದ ನನ್ನ ರಿಪೇರಿ ಜಾಬುಗಳನ್ನೂ ಅಳತೆಯ ಮೇಜಿಗೆ ಒಯ್ಯತೊಡಗಿದರು. ಒಂದು ಸಲ ಅಳೆಯುತ್ತಿದ್ದರು, ಟಾರ್ಚು ಹಿಡಿದು ನೋಡಿ ಇನ್ನೊಂದು ಸಲ ಅಳೆಯುತ್ತಿದ್ದರು. ಅಳೆಯುವವನು ನಾಚಿಕೆಯಿಂದ ನನ್ನ ಕಡೆ ನೋಡುತ್ತಿರಲಿಲ್ಲ. ಕೈಯಲ್ಲಿದ್ದ ಕೆಲಸವೆಲ್ಲ ಮುಗಿಸಿ, ತಿಂಗಳ ಕೊನೆಗೆ ನನ್ನ ಟೂಲ್ ಪೆಟ್ಟಿಗೆ ಹೊತ್ತುಕೊಂಡು ಹೊರಬಿದ್ದೆ. ಸೇಠ್ ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಎದ್ದು ನಿಂತು ಕೈ ಕೊಟ್ಟರು.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ. 'ಮೂವತ್ತು ವರ್ಷದಾಗ ನನಗ ಒಂದು ದಿನ ಇಷ್ಟು ಬಿಡಿಸಿ ಹೇಳಲಿಲ್ಲಲ್ರಿ ನಿಮ್ಮ ಕೆಲಸ. ನಾನೂ ಸಿನಿಮಾ ಮಾಡತೀನಿ ಅನಬೇಕಿತ್ತೇನು?' ಅವನ ತಾಟನ್ನು ಅವಳು ಮೇಲಿನ ಹಲಗೆಗೆ ಎತ್ತಿಟ್ಟಳು.

ಮೂರು ಗಲ್ಲಿ ಆಚೆ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಕಂಪ್ಯೂಟರ್ ಇಲ್ಲದ, ನಾಲ್ಕು ಹಳೇ ಲೇಥುಗಳ ಜಾಗ. ಆದರೆ ನನಗಿಂತ ಮೊದಲೇ ಸುದ್ದಿ ಅಲ್ಲಿಗೆ ಹೋಗಿ ಕೂತಿತ್ತು, ಬೇರೆಯದೇ ಬಣ್ಣ ಬಳಿದುಕೊಂಡು. ಮೊದಲನೇ ದಿನ ಮಧ್ಯಾಹ್ನ ಚಹಾದ ಅಂಗಡಿಯಲ್ಲಿ, ಆ ಶೆಡ್ಡಿನ ವೆಲ್ಡರ್, ಕಲಬುರಗಿ ಕಡೆಯ ಮಾತಿನ ಮಲ್ಲ, ನನ್ನ ಭುಜ ಹಿಡಿದು ಎಲ್ಲರಿಗೂ ತೋರಿಸಿದ. 'ನೋಡ್ರಿ, ಮಷಿನ್ನಿಗೆ ಮಣ್ಣು ತಿನಿಸಿದ ಉಸ್ತಾದ್ ಇವರಽ. ಕಂಪ್ಯೂಟರಿಗೆ ಉಲ್ಟಾ ಪಾಠ ಹೇಳಿ ಬಂದಾರ.' ಎರಡು ಮೂರು ಶೆಡ್ಡಿನ ಟರ್ನರುಗಳು ಎದ್ದು ಬಂದು ಕೈ ಕುಲುಕಿದರು. ಹೊಸ ಮಷೀನುಗಳ ಹೆದರಿಕೆ ಎಲ್ಲರಿಗೂ ಇತ್ತು. ನಾನು ಅವರೆಲ್ಲರ ಸೇಡು ತೀರಿಸಿದ ಹಾಗೆ ನೋಡುತ್ತಿದ್ದರು. ಹಾಗಲ್ಲ ಎಂದೆ. ಅದು ನನ್ನ ದೊಡ್ಡತನ ಎಂದುಕೊಂಡರು. ಮೂವತ್ತು ವರ್ಷ ಒಂದು ಜಾಬೂ ತಿರುಗಿ ಬರದಂತೆ ಕೆಲಸ ಮಾಡಿದ್ದಕ್ಕೆ ಆ ಗಲ್ಲಿಯಲ್ಲಿ ಯಾರೂ ನನಗೆ ಕೈ ಕೊಟ್ಟಿರಲಿಲ್ಲ.

ಇದಾಗಿ ಒಂದು ವರ್ಷದ ಮೇಲೆ ಅವನನ್ನು ಅದೇ ಚಹಾದ ಅಂಗಡಿಯಲ್ಲಿ ಕಂಡೆ. ಅವನು ಆ ಶೆಡ್ಡು ಬಿಟ್ಟು ಮಾದಾಪುರದ ಕಡೆ ಒಂದು ಆಫೀಸಿಗೆ ಸೇರಿದ್ದನಂತೆ, ಯಾವುದೋ ಕೆಲಸಕ್ಕೆ ಬಾಲಾನಗರಕ್ಕೆ ಬಂದಿದ್ದ. ಕೊರಳಲ್ಲಿ ಕಾರ್ಡು ತೂಗಾಡುತ್ತಿತ್ತು. ನನ್ನನ್ನು ನೋಡಿ ತಾನೇ ಹತ್ತಿರ ಬಂದ. 'ಅಣ್ಣಾ, ಆರಾಮ್ರಿ? ಅಕ್ಕಾರು ಆರಾಮ ಅದಾರ?' ಎಂದ. ಆರಾಮ ಎಂದೆ.

ವೆಲ್ಡರ್ ಬಿಡುವವನಲ್ಲ. ನನ್ನ ಹಳೇ ಶೆಡ್ಡಿನವ ಎಂದು ಗೊತ್ತಾದ ಕೂಡಲೇ ಅವನನ್ನು ಹಿಡಿದುಕೊಂಡ. 'ಅಂದ್ರ ಆ ಮಷೀನು ನಡಸಾಂವ ನೀವಽ ಏನ್ರಿ? ನಮ್ಮ ಉಸ್ತಾದ್ ನಿಮಗಽ ಟೋಪಿ ಹಾಕಿದ್ದಾ?'

ಬೆಂಚಿನ ಮೇಲಿದ್ದವರೆಲ್ಲ ಇವನ ಮುಖ ನೋಡಿದರು. ನಾನೂ ನೋಡಿದೆ. ಆ ಶೆಡ್ಡು ಅವನದಲ್ಲ, ಆ ಸೇಠ್ ಅವನ ಮಾಲಕರಲ್ಲ, ಕಳೆದುಕೊಳ್ಳುವುದು ಏನೂ ಇರಲಿಲ್ಲ.

'ಹೌದಪಾ' ಎಂದು ಅವನು ನಕ್ಕ. 'ನಮ್ಮ ಅಣ್ಣ ಭಾಳ ಹುಷಾರ್. ಕೂದಲೆಳಿಯಷ್ಟೂ ಸುಳಿವು ಕೊಡಲಿಲ್ಲ ನನಗ.'

ಬೆಂಚು ಅಲ್ಲಾಡುವಷ್ಟು ನಕ್ಕರು.

'ಅದು ಸಿನಿಮಾಕ್ಕ ಹೇಳಿದ ಮಾತು' ಎಂದೆ ನಾನು. ಮೊದಲ ಸಲ ನನ್ನ ಬಾಯಿಂದ, ಹತ್ತು ಮಂದಿಯ ಎದುರಿಗೆ. 'ಇಂವ ಸಿನಿಮಾ ಕಥಿ ಅಂತ ಹೇಳಿ ಬರಸ್ಕೊಂಡ. ನಾ ಯಾರಿಗೂ ಟೋಪಿ ಹಾಕಿಲ್ಲ. ಹೇಳು ಇವರಿಗೆ.'

ಅವನು ನನ್ನ ತೋಳು ಮುಟ್ಟಿದ. ದನಿ ಇಳಿಸಿ, ಭಾನುವಾರ ಟಾಕೀಸಿನಲ್ಲಿ ಕಿವಿಗೆ ಹೇಳುತ್ತಿದ್ದ ಹಾಗೆ ಹೇಳಿದ. 'ಬಿಡ್ರಿ ಅಣ್ಣಾ. ಇವರು ಹ್ಯಾಂಗೂ ನಿಮ್ಮನ್ನ ಮೆಚ್ಚಾಕತ್ತಾರ. ಯಾಕ ಕೆಡಸ್ಕೋತೀರಿ?'

ನಾನು ಚಹಾ ಕುಡಿಯದೆ ಲೋಟ ಕಟ್ಟೆಯ ಮೇಲಿಟ್ಟು ಶೆಡ್ಡಿನ ಕಡೆ ನಡೆದೆ. ಬಿಡುವು ಮುಗಿಯಲು ಇನ್ನೂ ಹೊತ್ತಿತ್ತು. ಹಿಂದೆ ವೆಲ್ಡರ್ ಅವನನ್ನು ಕೇಳುತ್ತಿದ್ದ, ಸಿನಿಮಾದ ಹೆಸರೇನ್ರಿ ಮತ್ತ, ಹೇಳ್ರೆಲಾ ಎಂದು. ಅವನು ಏನೋ ಒಂದು ಹೆಸರು ಹೇಳಿದ. ಎಲ್ಲರೂ ನಕ್ಕರು.